ಮದ್ದಿನ ಅಭಾವವೂ ಮೇಜಿನ ಎಚ್ಚರವೂ

ಯುದ್ಧದ ವಾರ್ತೆಗಳೆಲ್ಲ ಟನ್ನುಗಳ ಭಾಷೆಯಲ್ಲಿ ಬರುತ್ತವೆ. ಇಷ್ಟು ಲಕ್ಷ ಫಿರಂಗಿ ಗುಂಡು, ಇಷ್ಟು ಕೋಟಿ ಯೂರೋ, ಇಷ್ಟು ಹೊಸ ಕಾರ್ಖಾನೆ. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನ ಗಡಿಯನ್ನು ದಾಟಿದಂದಿನಿಂದ ಪತ್ರಿಕೆಗಳನ್ನು ಓದುತ್ತ ಬಂದವರಿಗೆ ಈ ಅಂಕಿಗಳು ರೂಢಿಯಾಗಿಹೋಗಿವೆ. ದೊಡ್ಡ ಅಂಕಿಗಳಿಗೆ ಒಂದು ದೋಷವುಂಟು. ಅವು ಮನುಷ್ಯನ ಕೈಯಳತೆಗೆ ಸಿಕ್ಕುವುದಿಲ್ಲ. ಆದರೆ ಅದೇ ಯುದ್ಧದ ಪರಿಣಾಮವನ್ನು ಗ್ರೇನುಗಳಲ್ಲಿ ಅಳೆಯುವ ಚಿಕ್ಕ ಲೋಕವೊಂದಿದೆ. ಅಮೆರಿಕದ ಊರುಗಳಲ್ಲಿ ಮನೆಯ ಹಿಂಗೋಣೆಯಲ್ಲೋ ಕಾರು ನಿಲ್ಲಿಸುವ ಷೆಡ್ಡಿನಲ್ಲೋ ಗಟ್ಟಿಯಾದ ಮೇಜೊಂದನ್ನು ಹಾಕಿಕೊಂಡು, ಒಮ್ಮೆ ಹಾರಿಸಿದ ರೈಫಲಿನ ತೋಟೆಗಳನ್ನು ಮತ್ತೆ ತಾವೇ ತುಂಬಿಕೊಳ್ಳುವವರ ಲೋಕ ಅದು.

ಕೋವಿಯ ಸಂಗತಿ ಭಾನುವಾರದ ಓದಿಗೆ ತಕ್ಕುದೆ ಎಂದು ವಾಚಕರು ಕೇಳಬಹುದು. ಕೋವಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನನ್ನ ಕುತೂಹಲವೆಲ್ಲ ಆ ಮೇಜಿನ ಮೇಲೆ. ಅಲ್ಲಿ ಮೇಲ್ವಿಚಾರಕನಿಲ್ಲ, ತನಿಖೆಗೆ ಬರುವ ಅಧಿಕಾರಿಯಿಲ್ಲ, ಪರೀಕ್ಷೆಯಿಲ್ಲ. ಒಬ್ಬ ಮನುಷ್ಯ, ಒಂದು ತಕ್ಕಡಿ, ಒಂದು ಪುಸ್ತಕ, ಇಷ್ಟೆ. ಯಾರೂ ನೋಡದಿರುವಾಗ, ಸಾಮಗ್ರಿಯೂ ಸಾಲದೆ ಬಂದಾಗ, ಮನುಷ್ಯನ ಎಚ್ಚರ ಯಾವುದರ ಬಲದಿಂದ ನಿಲ್ಲುತ್ತದೆ? ಈ ಪ್ರಶ್ನೆ ಪಾಠಶಾಲೆಯ ಪ್ರಯೋಗಾಲಯಕ್ಕೂ, ಔಷಧದ ಅಂಗಡಿಗೂ, ರೈಲ್ವೆಯ ಸಿಗ್ನಲು ಮನೆಗೂ ಸಲ್ಲುತ್ತದೆ. ತೋಟೆ ತುಂಬುವ ಮೇಜಿನಲ್ಲಿ ಅದು ಇನ್ನೆಲ್ಲಿಗಿಂತಲೂ ಸ್ಪಷ್ಟವಾಗಿ ಕಾಣುತ್ತದೆಂಬುದೇ ಅದರ ವಿಶೇಷ.

ಮೊದಲು ವಸ್ತುವಿನ ಪರಿಚಯವಾಗಲಿ. ನಮ್ಮ ಮಲೆನಾಡಿನವರು ತೋಟೆ ಎನ್ನುವ ಕಾರ್ಟ್ರಿಜ್ಜಿಗೆ ನಾಲ್ಕು ಅಂಗಗಳು. ಹೊರಗಿನ ಹಿತ್ತಾಳೆಯ ಕೋಶ ಒಂದು. ಅದರ ಬುಡದಲ್ಲಿ ಕೂತಿರುವ ಕೇಪು ಎರಡು. ಒಳಗಿನ ಮದ್ದು ಮೂರು. ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು ನಾಲ್ಕು. ಕುದುರೆ ಎಳೆದಾಗ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ, ಮದ್ದು ಉರಿದು ಅನಿಲವಾಗಿ ಗುಂಡನ್ನು ನಳಿಗೆಯ ದಾರಿಯಲ್ಲಿ ದೂಡುತ್ತದೆ. ಕೇಪು, ಮದ್ದು, ಗುಂಡು ಮೂರೂ ಹೋದ ಮೇಲೆ ಉಳಿಯುವುದು ಹಿತ್ತಾಳೆಯ ಕೋಶ. ತೋಟೆಯ ಬೆಲೆಯಲ್ಲಿ ದೊಡ್ಡ ಪಾಲು ಈ ಕೋಶದ್ದೇ. ಇದನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಇಟ್ಟರೆ ತೋಟೆ ಮತ್ತೆ ಸಿದ್ಧ. ಹಣ ಉಳಿಸಲೆಂದು ಮಾಡುವವರುಂಟು. ತಮ್ಮ ರೈಫಲಿಗೆ ಒಪ್ಪುವ ಅಳತೆಯಲ್ಲಿ ಮಾಡಿಕೊಂಡು ಗುರಿಯನ್ನು ತಿದ್ದಿಕೊಳ್ಳಬೇಕೆಂದು ಮಾಡುವವರುಂಟು. ಅಂಗಡಿಯಲ್ಲಿ ತೋಟೆಯೇ ದೊರಕದ ಹಳೆಯ ರೈಫಲನ್ನು ಉಳಿಸಿಕೊಳ್ಳಲೆಂದು ಮಾಡುವವರೂ ಉಂಟು.

ಈ ಹವ್ಯಾಸ ವ್ಯಾಪಕವಾಗಿ ಹಬ್ಬಿದ್ದು ಯುದ್ಧದ ಮಿಗತೆಯಿಂದ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸರಕಾರದ ಬಳಿ ಲೆಕ್ಕವಿಲ್ಲದಷ್ಟು ಮದ್ದು ಉಳಿದಿತ್ತು. ಕ್ಯಾನ್ಸಸ್ ಕಡೆಯ ಬ್ರೂಸ್ ಹಾಜ್‌ಡನ್ ಎಂಬಾತ ಅದನ್ನು ಕೊಂಡು ಬೇಟೆಗಾರರಿಗೂ ಗುರಿಕಾರರಿಗೂ ಮಾರಿದ. ಆತನ ಹೆಸರಿನ ಸಂಸ್ಥೆ ಈಗಲೂ ಆ ದೇಶದಲ್ಲಿ ಮದ್ದಿನ ದೊಡ್ಡ ವ್ಯಾಪಾರಿ. ಕ್ಯಾಲಿಫೋರ್ನಿಯದ ಓರೋವಿಲ್ಲಿನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಆರಂಭಿಸಿದ ಸಂಸ್ಥೆ, ನೆಬ್ರಾಸ್ಕದಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ಸ್ಥಾಪಿಸಿದ ಸಂಸ್ಥೆ, ಇವು ಒತ್ತುಯಂತ್ರವನ್ನೂ ಅಚ್ಚುಗಳನ್ನೂ ಗುಂಡುಗಳನ್ನೂ ಒದಗಿಸಿದವು. ಹೀಗೆ ಒಂದು ಯುದ್ಧದ ಎಂಜಲಿನಿಂದ ಬೆಳೆದ ಕಸುಬು ಇಂದು ಮತ್ತೊಂದು ಯುದ್ಧದ ಹಸಿವಿಗೆ ಸಿಕ್ಕಿದೆ. ಈ ತಿರುವನ್ನು ಅರಿಯಬೇಕಾದರೆ ಮೇಜಿನ ಮೇಲೆ ಪಣಕ್ಕಿಟ್ಟಿರುವುದೇನೆಂಬುದನ್ನು ತಿಳಿಯಬೇಕು.

ಮದ್ದನ್ನು ತೂಗುವುದು ಗ್ರೇನಿನ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನು. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯಲ್ಲಿ ಸುಮಾರು ಅರ್ಧವೆಂದರೆ ಒಂದು ಗ್ರೇನು. ತೋಟೆ ತುಂಬುವವನ ತಕ್ಕಡಿ ಆ ಅರ್ಧ ಗುಲಗಂಜಿಯಲ್ಲೂ ಹತ್ತನೆಯ ಒಂದು ಪಾಲನ್ನು ತೋರಿಸಬೇಕು. ಈ ಸೂಕ್ಷ್ಮ ಏತಕ್ಕೆಂದರೆ, ಒಳಗೆ ಹುಟ್ಟುವ ಒತ್ತಡ ಸಾಮಾನ್ಯವಾದುದಲ್ಲ. ಬಹಳ ಬಳಕೆಯಲ್ಲಿರುವ .308 ವಿಂಚೆಸ್ಟರ್ ಎಂಬ ತೋಟೆಗೆ ವಿಧಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡು. ಕಾರಿನ ಚಕ್ರದಲ್ಲಿ ನಾವು ತುಂಬುವ ಗಾಳಿಯ ಒತ್ತಡ ಮೂವತ್ತು ಚಿಲ್ಲರೆ ಪೌಂಡು. ಅದರ ಸುಮಾರು ಎರಡು ಸಾವಿರ ಪಾಲು ಎಂದು ಎಣಿಸಿಕೊಳ್ಳಿ. ಅದು ಹುಟ್ಟುವುದು ಕೆನ್ನೆಯಿಂದ ಕೆಲವೇ ಅಂಗುಲದ ದೂರದಲ್ಲಿ, ಕಣ್ಣಿನ ಕೆಳಗೆ. ಉಕ್ಕಿನ ನಳಿಗೆ ಆ ಒತ್ತಡವನ್ನು ಸಾವಿರ ಬಾರಿ ಸಹಿಸುತ್ತದೆ. ಆದರೆ ಲೆಕ್ಕ ತಪ್ಪಿದರೆ ಒತ್ತಡ ಲೆಕ್ಕದ ಪ್ರಮಾಣದಲ್ಲೇ ಏರುವುದಿಲ್ಲ. ಮದ್ದು ಹೆಚ್ಚಿದ್ದಕ್ಕಿಂತ ವೇಗವಾಗಿ ಏರುತ್ತದೆ.

ಇನ್ನೊಂದು ತೊಡಕೆಂದರೆ ತಪ್ಪು ಒಂದೇ ಬಾಗಿಲಿನಿಂದ ಬರುವುದಿಲ್ಲ. ಪ್ರತಿ ಹೊಡೆತಕ್ಕೂ ಹಿತ್ತಾಳೆ ಹಿಗ್ಗಿ ಮುಂದಕ್ಕೆ ಹರಿಯುತ್ತದೆ. ಕೋಶದ ಕುತ್ತಿಗೆ ಉದ್ದವಾಗುತ್ತದೆ. ಅಳೆದು ಕತ್ತರಿಸದಿದ್ದರೆ ಅದರ ಬಾಯಿ ನಳಿಗೆಯ ಅಂಚಿಗೆ ಒತ್ತಿಕೊಂಡು ಗುಂಡನ್ನು ಬಿಗಿಹಿಡಿಯುತ್ತದೆ, ಮದ್ದು ಸರಿಯಿದ್ದರೂ ಒತ್ತಡ ಮಿತಿ ಮೀರುತ್ತದೆ. ಬುಡದ ಬಳಿ ಒಳಗೋಡೆ ತೆಳುವಾಗುತ್ತ ಬಂದು ಒಂದು ದಿನ ಕೋಶ ಎರಡಾಗಿ ಕಡಿಯುತ್ತದೆ. ಬಲ್ಲವರು ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ ಅಲ್ಲಿ ತಗ್ಗು ತಗಲುತ್ತದೆಯೇ ಎಂದು ತಡವಿ ನೋಡುತ್ತಾರೆ. ಕೇಪು ಪೂರ್ತಿ ಕೂರದೆ ಉಬ್ಬಿ ನಿಂತರೆ ಅಪಾಯ. ಗುಂಡು ಇರಬೇಕಾದುದಕ್ಕಿಂತ ಒಳಗೆ ಇಳಿದರೂ ಅಪಾಯ. ಮದ್ದನ್ನೇ ಹಾಕದೆ ಮರೆತರೆ ಕೇಪಿನ ಬಲದಿಂದ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನು ಅರಿಯದೆ ಮುಂದಿನ ಈಡು ಹೊಡೆದವನ ನಳಿಗೆ ಸಿಡಿಯುತ್ತದೆ. ಎಲ್ಲಕ್ಕಿಂತ ಘೋರವಾದುದು ಮದ್ದಿನ ಜಾತಿ ತಪ್ಪುವುದು. ಪಿಸ್ತೂಲಿಗೆಂದು ಮಾಡಿದ ಮದ್ದು ಬೇಗ ಉರಿಯುತ್ತದೆ, ರೈಫಲಿನದು ನಿಧಾನ. ಎರಡೂ ಕಪ್ಪುಬೂದಿ ಬಣ್ಣದ ಕಾಳುಗಳು. ಪಿಸ್ತೂಲಿನ ಮದ್ದನ್ನು ರೈಫಲಿನ ಕೋಶಕ್ಕೆ ತುಂಬಿದವನ ಕೈಯಲ್ಲಿ ಉಳಿಯುವುದು ರೈಫಲಲ್ಲ.

ಅಮೆರಿಕದಲ್ಲಿ ಸ್ವಂತ ಉಪಯೋಗಕ್ಕೆ ತೋಟೆ ತುಂಬಿಕೊಳ್ಳಲು ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ಮಾರುವವನಿಗೆ ಮಾತ್ರ ಬೇಕು. ಹಾಗೆಂದು ಅಲ್ಲಿ ವ್ಯವಸ್ಥೆಯೇ ಇಲ್ಲವೆನ್ನುವಂತಿಲ್ಲ. 1926ರಲ್ಲಿ ಸರಕಾರದ ಕೋರಿಕೆಯ ಮೇಲೆ ತಯಾರಕರೇ ಸೇರಿ ಕಟ್ಟಿಕೊಂಡ ಸಂಸ್ಥೆಯೊಂದು ಪ್ರತಿಯೊಂದು ತೋಟೆಯ ಅಳತೆಯನ್ನೂ ಒತ್ತಡದ ಮಿತಿಯನ್ನೂ ಗೊತ್ತುಮಾಡುತ್ತದೆ. ಆ ಮಿತಿಗಳೊಳಗೆ ಪ್ರಯೋಗ ನಡೆಸಿ ಮದ್ದಿನ ತಯಾರಕರು ಕೈಪಿಡಿಗಳನ್ನು ಅಚ್ಚುಹಾಕುತ್ತಾರೆ: ಈ ಕೋಶಕ್ಕೆ, ಈ ಗುಂಡಿಗೆ, ಈ ಹೆಸರಿನ ಮದ್ದು ಇಷ್ಟರಿಂದ ಆರಂಭಿಸಿ ಇಷ್ಟಕ್ಕೆ ನಿಲ್ಲಿಸಬೇಕು ಎಂದು. ಮನೆಯಲ್ಲಿ ಮದ್ದನ್ನು ಬಂದ ಡಬ್ಬಿಯಲ್ಲೇ, ಸಾಮಾನ್ಯವಾಗಿ 20 ಪೌಂಡಿಗೆ ಮೀರದಂತೆ ಇಡಬೇಕೆಂದೂ, ಕೇಪುಗಳನ್ನು 10,000ಕ್ಕೆ ಮೀರದಂತೆ ಅವುಗಳ ತಟ್ಟೆಯಲ್ಲೇ ಇಡಬೇಕೆಂದೂ ಅಗ್ನಿರಕ್ಷಣೆಯ ನಿಯಮಾವಳಿ ಹೇಳುತ್ತದೆ. ಇವೆಲ್ಲವೂ ಮನೆಯ ಬಾಗಿಲವರೆಗೆ ಬರುವ ರಕ್ಷೆಗಳು. ಬಾಗಿಲಿನೊಳಗಿನ ಮೇಜಿನವರೆಗೆ ಅವನ್ನು ಒಯ್ಯಬೇಕಾದವನು ಮನೆಯವನೇ.

2023ರಲ್ಲಿ ನಾನು ಅಮೆರಿಕದ ವಾಯವ್ಯ ಭಾಗದ ಒಂದು ಸಣ್ಣ ಊರಿನಲ್ಲಿ ಬಂಧುಗಳ ಮನೆಯಲ್ಲಿ ಕೆಲವು ವಾರ ಇದ್ದೆ. ನೆರೆಮನೆಯಾತ ಗಣಿತ ಕಲಿಸಿ ನಿವೃತ್ತನಾದವನು. ವರ್ಷಕ್ಕೊಮ್ಮೆ ಜಿಂಕೆಯ ಬೇಟೆಗೆ ಹೋಗುವವನು. ಆತನ ಮೇಜಿನ ಬಳಿ ಎರಡು ಸಂಜೆ ಕೂತಿದ್ದೆ. ದೂರವಾಣಿಯನ್ನು ಅಡುಗೆಮನೆಯಲ್ಲೇ ಬಿಟ್ಟುಬಂದಿದ್ದ. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಒಂದು. ಉಳಿದವೆಲ್ಲ ಗೋಡೆಯ ಬೀರುವಿನೊಳಗೆ. ಕೂರುವ ಮುನ್ನ ಡಬ್ಬಿಯ ಮೇಲಿನ ಹೆಸರನ್ನು ಕೈಪಿಡಿಯ ಹೆಸರಿನೊಡನೆ ಬೆರಳಿಟ್ಟು ಹೋಲಿಸಿ, ಮಗ್ಗಿ ಒಪ್ಪಿಸುವ ಹುಡುಗನಂತೆ ಗಟ್ಟಿಯಾಗಿ ಓದಿದ. ತೂಕ ಗೊತ್ತಿರುವ ಹಿತ್ತಾಳೆಯ ಬಿಲ್ಲೆಯಿಂದ ಮೊದಲು ತಕ್ಕಡಿಯನ್ನೇ ತೂಗಿದ. ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಐವತ್ತು ಕೋಶಗಳನ್ನು ನಿಲ್ಲಿಸಿ ಒಂದೊಂದಕ್ಕೂ ಮದ್ದು ಸುರಿದ ಮೇಲೆ, ದೀಪವನ್ನು ಹಿಡಿದು ಸಾಲುಸಾಲಾಗಿ ಒಳಗೆ ಇಣುಕಿ, ಎಲ್ಲದರಲ್ಲೂ ಮಟ್ಟ ಒಂದೇ ಇದೆಯೇ ಎಂದು ನೋಡಿದ. ಅದಾದ ಮೇಲಷ್ಟೆ ಗುಂಡು ಕೂರಿಸಿದ್ದು. ನಡುವೆ ಮೊಮ್ಮಗಳು ಬಂದು ಏನೋ ಕೇಳಿದಳು. ಉತ್ತರ ಹೇಳಿ ಕಳುಹಿಸಿ, ಆಗ ತಾನೆ ತುಂಬಿದ್ದ ಐದು ಕೋಶಗಳ ಮದ್ದನ್ನು ಹಿಂದಕ್ಕೆ ಸುರಿದು ಮತ್ತೆ ತೂಗಿದ. ಕೆಲಸ ಮುಗಿದಾಗ ದಿನಾಂಕ, ಮದ್ದಿನ ತಂಡದ ಸಂಖ್ಯೆ, ಗುಂಡಿನ ತೂಕ, ಆ ಕೋಶ ಎಷ್ಟನೆಯ ಬಾರಿ ತುಂಬಿದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದ. ಕೇಪಿನಲ್ಲಿ ಸೀಸವುಂಟೆಂದು ಕೈಯನ್ನು ಸಾಬೂನು ಹಾಕಿ ತೊಳೆದ ಮೇಲೆ ಕಾಫಿ ಕೊಟ್ಟ.

ಎರಡನೆಯ ಸಂಜೆ ನಡೆದುದು ಹೆಚ್ಚು ಗಮನಾರ್ಹ. ತೀರಿಕೊಂಡ ಗೆಳೆಯನೊಬ್ಬನ ಹೆಂಡತಿ, ಗಂಡನ ಸಾಮಾನುಗಳಲ್ಲಿದ್ದ ಒಂದು ದೊಡ್ಡ ಸೀಸೆಯನ್ನು ಈತನಿಗೆ ಕೊಟ್ಟಿದ್ದಳು. ಅದರ ತುಂಬ ಮದ್ದು. ಅಂಟಿಸಿದ್ದ ಚೀಟಿಯಲ್ಲಿ ಪೆನ್ಸಿಲಿನಿಂದ 4350 ಎಂದು ಬರೆದಿತ್ತು, ಬೇರೇನೂ ಇರಲಿಲ್ಲ. ಆ ಸಂಖ್ಯೆಯ ಮದ್ದು ಅಂದಿನ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಕಾಣದ ವಸ್ತು. ಆದರೆ 4350 ಎಂಬ ಹೆಸರಿನಲ್ಲಿ ಮೂರು ಬ್ರ್ಯಾಂಡುಗಳ ಮೂರು ಮದ್ದುಗಳಿವೆ. ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಗೆಳೆಯನ ಕೈಬರಹ ಆತನಿಗೆ ಚೆನ್ನಾಗಿ ಗೊತ್ತು, ಗೆಳೆಯ ಎಚ್ಚರಿಕೆಯ ಮನುಷ್ಯನೆಂಬುದೂ ಗೊತ್ತು. ಆದರೂ ಮರುದಿನ ಬೆಳಗ್ಗೆ ತಯಾರಕರು ಹೇಳಿದ ಕ್ರಮದಂತೆ ಬಯಲಿನಲ್ಲಿ ಆ ಮದ್ದನ್ನೆಲ್ಲ ಹಾಳುಮಾಡಿದ. ನಾನು ಅಚ್ಚರಿಪಟ್ಟಾಗ ಆತ ಹೇಳಿದ್ದು ಇಷ್ಟು: “ನಾನು ನನ್ನನ್ನು ನಂಬುವುದಿಲ್ಲ. ಅದಕ್ಕಾಗಿಯೇ ನಂಬಬಹುದಾದ ಮೇಜೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಈ ಸೀಸೆ ಆ ಮೇಜಿನ ಮೇಲೆ ಬರುವಂತಿಲ್ಲ.”

ಎಚ್ಚರವನ್ನು ನಾವು ಸಾಮಾನ್ಯವಾಗಿ ಮನಸ್ಸಿನ ಗುಣವೆಂದು ತಿಳಿಯುತ್ತೇವೆ. ಜಾಗ್ರತೆಯುಳ್ಳವನು, ಅಜಾಗ್ರತೆಯವನು ಎಂದು ಜನರನ್ನು ಎರಡು ಮಾಡುತ್ತೇವೆ. ಮಕ್ಕಳಿಗೆ ಗಮನವಿಟ್ಟು ಮಾಡು ಎಂದು ಬುದ್ಧಿ ಹೇಳಿ ಕರ್ತವ್ಯ ಮುಗಿಯಿತೆನ್ನುತ್ತೇವೆ. ಆ ಮೇಷ್ಟ್ರ ಮೇಜು ಬೇರೆಯ ಪಾಠವನ್ನು ಹೇಳುತ್ತಿತ್ತು. ಗಮನ ಚಂಚಲವೆಂಬುದನ್ನು ಒಪ್ಪಿಕೊಂಡು, ಅದು ತಪ್ಪಿದಾಗಲೂ ಕೆಡುಕಾಗದಂತೆ ವಸ್ತುಗಳನ್ನು ಅಣಿಗೊಳಿಸುವುದೇ ಎಚ್ಚರ. ಎರಡು ಡಬ್ಬಿ ಮೇಜಿನ ಮೇಲಿಲ್ಲದಿದ್ದರೆ ಎರಡನ್ನು ಬೆರೆಸುವ ಮರೆವಿಗೆ ಅವಕಾಶವೇ ಇಲ್ಲ. ಹಳೆಯ ಕಾಲದ ಮನೆಗಳಲ್ಲಿ ಮಡಿಯೆಂದರೆ ಹೀಗೆಯೇ ಇತ್ತಲ್ಲವೆ? ಮುಟ್ಟಬಾರದ್ದನ್ನು ದೂರವಿಡುವುದೇ ಕ್ರಮ. ಪ್ರತಿ ಸಲವೂ ಯೋಚಿಸಿ ನಿರ್ಧರಿಸುವ ಪ್ರಮೇಯವಿಲ್ಲ. ಆ ಮಡಿಯಲ್ಲಿ ಅರ್ಥವಿಲ್ಲದ್ದೂ ಅನ್ಯಾಯವೂ ಬಹಳವಿದ್ದುವು. ಈ ಮೇಜಿನ ಮಡಿಯಲ್ಲಿ ಪ್ರತಿ ನಿಯಮಕ್ಕೂ ಹಿಂದೊಂದು ಕಾರಣವಿದೆ, ಅನೇಕ ವೇಳೆ ಯಾರೋ ಕಳೆದುಕೊಂಡ ಬೆರಳೋ ಕಣ್ಣೋ ಇದೆ.

ಈಗ ಅಭಾವದ ಮಾತಿಗೆ ಬರಬಹುದು. ಮೊದಲ ಪೆಟ್ಟು ಬಿದ್ದದ್ದು 2020ರಲ್ಲಿ. ಸಾಂಕ್ರಾಮಿಕದ ಭಯ, ಬೀದಿಗಳ ಗಲಭೆ, ಚುನಾವಣೆಯ ಕಾವು ಒಟ್ಟಿಗೆ ಕೂಡಿ ಅಮೆರಿಕದ ಜನ ಕೋವಿಯ ಅಂಗಡಿಗೆ ಮುಗಿಬಿದ್ದರು. ಕೋವಿ ಕೊಳ್ಳುವವರ ಪೂರ್ವಾಪರ ವಿಚಾರಿಸುವ ಕೇಂದ್ರ ವ್ಯವಸ್ಥೆಯಲ್ಲಿ ಆ ವರ್ಷ ದಾಖಲಾದ ವಿಚಾರಣೆಗಳು 3 ಕೋಟಿ 97 ಲಕ್ಷಕ್ಕೆ ಸಮೀಪ. ಅದುವರೆಗಿನ ದಾಖಲೆಗಳನ್ನೆಲ್ಲ ಅದು ಮೀರಿತು. ಅದೇ ಜುಲೈಯಲ್ಲಿ ಹಳೆಯ ರೆಮಿಂಗ್ಟನ್ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಅರ್ಕನ್ಸಾದಲ್ಲಿದ್ದ ಅದರ ತೋಟೆಯ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಕೊಂಡಿತು. ಅಲ್ಲಿ ಕೇಪು ತಯಾರಿಸುವ ಪ್ರಧಾನ ಹೆಸರುಗಳು ನಾಲ್ಕು: ಫೆಡರಲ್, ಸಿಸಿಐ, ರೆಮಿಂಗ್ಟನ್, ವಿಂಚೆಸ್ಟರ್. ಮೊದಲ ಮೂರೂ ಹೀಗೆ ಒಂದೇ ಒಡೆತನಕ್ಕೆ ಸೇರಿದವು. ಆ ಒಡೆತನವನ್ನು 2024ರ ನವೆಂಬರಿನಲ್ಲಿ ಪ್ರಾಗ್ ನಗರದ ಚೆಕಸ್ಲವಾಕ್ ಗ್ರೂಪ್ ಖರೀದಿಸಿತು. ಕೇಪನ್ನು ಮನೆಯಲ್ಲಿ ಮಾಡಿಕೊಳ್ಳಲಾಗದು. ಮೂರು ಹೆಸರಿನ ಹಿಂದೆ ಒಂದೇ ಕೈಯಿದ್ದರೆ ಅಂಗಡಿಯಲ್ಲಿ ಕಾಣುವ ಆಯ್ಕೆ ಅರ್ಧಕ್ಕೂ ಹೆಚ್ಚು ತೋರಿಕೆಯದು.

ಎರಡನೆಯ ಪೆಟ್ಟು ಉಕ್ರೇನಿನಿಂದ ಬಂತು. ಹೊಗೆಯಿಲ್ಲದ ಮದ್ದಿನ ಮೂಲದ್ರವ್ಯ ನೈಟ್ರೊಸೆಲ್ಯುಲೋಸ್. ಅದರ ತಾಯಿ ಹತ್ತಿ. ಧಾರವಾಡ, ರಾಯಚೂರುಗಳ ಕಡೆ ಜಿನ್ನುಗಳನ್ನು ನೋಡಿದವರಿಗೆ ಗೊತ್ತು, ಅರಳೆ ಬಿಡಿಸಿಕೊಂಡ ಮೇಲೂ ಬೀಜದ ಮೈಗೆ ಗಿಡ್ಡನೆಯ ನವಿರು ಅಂಟಿಕೊಂಡಿರುತ್ತದೆ. ಲಿಂಟರ್ ಎಂಬ ಆ ನವಿರನ್ನು ಆಮ್ಲದಲ್ಲಿ ಸಂಸ್ಕರಿಸಿದರೆ ಮದ್ದಿನ ಮೂಲ ದೊರೆಯುತ್ತದೆ. ಬಾಸೆಲಿನ ಷೋನ್‌ಬೈನ್ 1846ರಲ್ಲಿ ಇದನ್ನು ಕಂಡ; ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಇದನ್ನು ರೈಫಲಿಗೆ ಒಗ್ಗುವ ಮದ್ದಾಗಿ ಪಳಗಿಸಿದ. ಯೂರೋಪು ಈ ನವಿರಿಗಾಗಿ ಬಹುಮಟ್ಟಿಗೆ ಚೀನವನ್ನು ನೆಚ್ಚಿದೆಯೆಂದು ಅಲ್ಲಿಯ ಶಸ್ತ್ರೋದ್ಯಮಿಗಳೂ ಅಧಿಕಾರಿಗಳೂ 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಐರೋಪ್ಯ ಒಕ್ಕೂಟ 2023ರ ಜುಲೈಯಲ್ಲಿ 50 ಕೋಟಿ ಯೂರೋಗಳ ಯೋಜನೆಯನ್ನು ಒಪ್ಪಿ, 2024ರ ಮಾರ್ಚಿಯಲ್ಲಿ ಹಂಚಿದಾಗ ಸುಮಾರು ಮುಕ್ಕಾಲು ಪಾಲು ಮದ್ದಿಗೂ ಸ್ಫೋಟಕಗಳಿಗೂ ಹೋಯಿತು. ಕೊರತೆ ಎಲ್ಲಿತ್ತೆಂಬುದಕ್ಕೆ ಆ ಹಂಚಿಕೆಯೇ ಸಾಕ್ಷಿ.

ತೂಕವನ್ನು ಮಾತ್ರ ಹೋಲಿಸಿ ನೋಡೋಣ. ಒಂದು ಸಾಮಾನ್ಯ ರೈಫಲು ತೋಟೆಗೆ ಮೂರು ಗ್ರಾಮಿನಷ್ಟು ಮದ್ದು ಸಾಕು. 155 ಮಿಲಿಮೀಟರ್ ಫಿರಂಗಿಯ ದೂರದ ಒಂದು ಹೊಡೆತಕ್ಕೆ ಬೇಕಾಗುವುದು ಹಲವು ಕಿಲೋಗ್ರಾಮು. ಒಂದು ಹೊಡೆತ ಸಾವಿರಕ್ಕೂ ಮಿಕ್ಕ ತೋಟೆಗಳಿಗೆ ಸಮ. ಅಮೆರಿಕದ ಮೇಜಿನ ಮೇಲಿರುವ ಡಬ್ಬಿಯಾದರೂ ಅನೇಕ ವೇಳೆ ಅಮೆರಿಕದಲ್ಲೇ ಹುಟ್ಟಿದ್ದಲ್ಲ. ಹಾಜ್‌ಡನ್ ಹೆಸರಿನ ಹಲವು ಮದ್ದುಗಳು ಆಸ್ಟ್ರೇಲಿಯದ ಮಲ್ವಾಲದಿಂದ ಬರುತ್ತವೆ. ಇನ್ನೊಂದು ಹೆಸರು ಫಿನ್ಲೆಂಡಿನದು. ಮತ್ತೊಂದು ಕೆನಡದ ಕ್ವಿಬೆಕ್ಕಿನದು. ಈ ಕಾರ್ಖಾನೆಗಳೇ ಸೈನ್ಯಗಳಿಗೂ ಒದಗಿಸತಕ್ಕವು. ಸೈನ್ಯ ಸರದಿಯ ಮುಂದೆ ನಿಂತಾಗ ಬೇಟೆಗಾರ ಹಿಂದೆ ಸರಿಯಲೇಬೇಕು. ಇದರಲ್ಲಿ ಅನ್ಯಾಯವೇನೂ ಇಲ್ಲ. ಊರು ಉರಿಯುತ್ತಿರುವಾಗ ಹವ್ಯಾಸಕ್ಕೆ ಮದ್ದು ಸಿಕ್ಕಲಿಲ್ಲವೆಂದು ದೂರುವುದು ಮರ್ಯಾದೆಯೂ ಅಲ್ಲ.

ನನ್ನ ಚಿಂತೆ ಬೇರೆ. ಅಭಾವ ಮೊದಲು ಸಡಿಲಿಸುವುದು ಮೇಜಿನ ಕ್ರಮವನ್ನು. ಕೈಪಿಡಿ ಹೇಳಿದ ಮದ್ದು ದೊರೆಯದು. ಹತ್ತಿರದ ಹೆಸರಿನದು ದೊರೆಯುತ್ತದೆ. ಹೇಳಿದ ಕೇಪು ಇಲ್ಲ. ಬೇರೆ ತಯಾರಿಕೆಯದು ಇದೆ, ಅದರ ಕಿಡಿ ತುಸು ಬಿಸಿ. ಹೆಸರುಗಳು ಬೇರೆಯೆ ಮೋಸ ಮಾಡುತ್ತವೆ. 4350 ಎಂಬ ಒಂದೇ ಸಂಖ್ಯೆಯಲ್ಲಿ ಬೇರೆಬೇರೆ ಮದ್ದುಗಳಿದ್ದರೆ, ಎಚ್110, ಡಬ್ಲ್ಯೂ296 ಎಂಬ ಎರಡು ಹೆಸರುಗಳಲ್ಲಿ ಇರುವುದು ಒಂದೇ ಮದ್ದು. ಎರಡನೆಯದನ್ನು ಕೇಳಿದವನು, ಹಾಗಾದರೆ ಮೊದಲನೆಯದರಲ್ಲೂ ಭೇದವಿರಲಾರದೆಂದು ಊಹಿಸುವುದು ಸುಲಭ. ಬರದಲ್ಲಿ ಊಹೆಗೆ ಬೆಲೆ ಏರುತ್ತದೆ. ಕಡಿದುಹೋಗಲಿರುವ ಕೋಶವನ್ನು ಇನ್ನೊಂದು ಬಾರಿಗೆ ಉಳಿಸುತ್ತಾರೆ. ಅಜ್ಜನ ಕಾಲದ ಡಬ್ಬಿಯನ್ನು ತೆರೆದು ಆಮ್ಲದ ವಾಸನೆ ಬರುತ್ತಿದ್ದರೂ ಚೆಲ್ಲಲು ಹಿಂಜರಿಯುತ್ತಾರೆ. ಇವರಾರೂ ಅಜಾಗ್ರತೆಯ ಜನರಲ್ಲ. ನಿನ್ನೆಯವರೆಗೆ ಕ್ರಮ ಪಾಲಿಸಿದವರೇ. ಕ್ರಮ ಪಾಲಿಸುವುದಕ್ಕೆ ಅಗ್ಗವಾಗಿದ್ದಾಗ ಅದು ಪಾಲನೆಯಾಗುತ್ತಿತ್ತು. ಬೆಲೆ ಏರಿದಾಗಲೇ ಅದರ ನಿಜವಾದ ಬೆಲೆ ಗೊತ್ತಾಗುವುದು.

ಇದು ಹಿಂಗೋಣೆಯ ಮುದುಕರ ಸಮಸ್ಯೆ ಮಾತ್ರವೆಂದು ಭಾವಿಸುವವರು ಅಮೆರಿಕದ ಸೈನ್ಯದ ಚರಿತ್ರೆಯನ್ನೇ ನೋಡಬಹುದು. ಯೂಜೀನ್ ಸ್ಟೋನರ್ ರೂಪಿಸಿದ ರೈಫಲು ಎಂ-16 ಎಂಬ ಹೆಸರಿನಿಂದ ವಿಯೆಟ್ನಾಮಿಗೆ ಹೋಯಿತು. ಪ್ರಯೋಗಗಳಲ್ಲಿ ಅದಕ್ಕೆ ಬಳಸಿದ್ದುದು ಕಡ್ಡಿಯಾಕಾರದ ಮದ್ದು. 1964ರಲ್ಲಿ ಸೈನ್ಯ ಗುಂಡುಕಾಳಿನ ಬೇರೊಂದು ಮದ್ದಿಗೆ ಒಪ್ಪಿಗೆ ಕೊಟ್ಟಿತು. ತೋಟೆ ಹೊರಗಿನಿಂದ ಅದೇ. ಗುಂಡಿನ ವೇಗವೂ ಅದೇ. ಆದರೆ ರೈಫಲು ಇನ್ನೂ ವೇಗವಾಗಿ ಚಲಿಸತೊಡಗಿತು, ಒಳಗೆ ಮಸಿ ಹೆಚ್ಚು ಕಟ್ಟಿತು. ಈ ರೈಫಲಿಗೆ ಶುಚಿಮಾಡುವ ಅಗತ್ಯ ಹೆಚ್ಚಿಲ್ಲವೆಂಬ ನಂಬಿಕೆ ಹಬ್ಬಿತ್ತು. ಶುಚಿ ಮಾಡುವ ಸಲಕರಣೆಗಳೂ ಸಾಕಷ್ಟಿರಲಿಲ್ಲ. ಶತ್ರುವಿನ ಎದುರಿನಲ್ಲಿ ರೈಫಲುಗಳು ಸಿಕ್ಕಿಕೊಂಡವು. ಕೆಟ್ಟು ನಿಂತ ರೈಫಲಿನ ಪಕ್ಕದಲ್ಲೇ ಸತ್ತು ಬಿದ್ದ ಸೈನಿಕರ ವರದಿಗಳು ಊರಿಗೆ ತಲುಪಿದವು. ರಿಚರ್ಡ್ ಇಕಾರ್ಡ್ ಅಧ್ಯಕ್ಷತೆಯ ಸಂಸತ್ತಿನ ಉಪಸಮಿತಿ 1967ರ ಅಕ್ಟೋಬರಿನ ವರದಿಯಲ್ಲಿ ಈ ಮದ್ದಿನ ಬದಲಾವಣೆಯನ್ನು ಕಟುವಾಗಿ ಖಂಡಿಸಿತು. ಅಷ್ಟು ಇಂಜಿನಿಯರುಗಳಿದ್ದ ಸೈನ್ಯಕ್ಕೆ ಆ ಗಣಿತದ ಮೇಷ್ಟ್ರ ನಿಯಮ ತಿಳಿದಿರಲಿಲ್ಲವೆಂದಲ್ಲ. ಒಂದು ಭೇದವುಂಟು: ಬದಲಾವಣೆಗೆ ಸಹಿ ಹಾಕಿದವರ ಕೆನ್ನೆಯ ಬಳಿ ಆ ರೈಫಲು ಇರಲಿಲ್ಲ. ತಾನು ತುಂಬಿದ್ದನ್ನು ತಾನೇ ಹಾರಿಸಬೇಕಾದವನ ಎಚ್ಚರಕ್ಕೆ ಒಂದು ಕಾವಲಿದೆ. ಇನ್ನೊಬ್ಬನಿಗಾಗಿ ತುಂಬುವವನಿಗೆ ಆ ಕಾವಲಿಲ್ಲ.

ನಮ್ಮ ದೇಶ ಬೇರೆ ದಾರಿಯನ್ನು ಹಿಡಿದಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ವಿಧಿಯಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ಅನಂತರ ಅದಕ್ಕೆ ಕನಿಷ್ಠ 7 ವರ್ಷದ ಸೆರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿಯನ್ನು ಹೊಂದಿರುವುದಕ್ಕೆ ಸಂಬಂಧಿಸಿದ್ದು. ನಮ್ಮ ಜನಸಂದಣಿಯನ್ನು ನೋಡಿದರೆ ಈ ಬಿಗಿ ಸರಿಯೆಂದೇ ನನಗೆ ತೋರುತ್ತದೆ. ಆದರೆ ಕಾಯಿದೆ ಬಿಗಿಯಾಗಿದ್ದ ಮಾತ್ರಕ್ಕೆ ಎಚ್ಚರ ಹುಟ್ಟುವುದಿಲ್ಲ. ದೀಪಾವಳಿಯ ಮುನ್ನ ಶಿವಕಾಶಿಯ ಪಟಾಕಿ ಕಾರ್ಖಾನೆಗಳಿಂದ ಬರುವ ಸುದ್ದಿಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಪರವಾನಗಿಯ ಕಾಗದ ಗೋಡೆಯ ಮೇಲಿರುತ್ತದೆ. ಮೇಜಿನ ಕ್ರಮವನ್ನು ಅವಸರ ನುಂಗುತ್ತದೆ. ಅಮೆರಿಕದಲ್ಲಿ ಸ್ವಾತಂತ್ರ್ಯವಿದೆ, ನಮ್ಮಲ್ಲಿ ನಿಷೇಧವಿದೆ. ಎರಡೂ ಕಡೆ ಕೊನೆಯ ಒಂದು ಗೇಣಿನ ದೂರವನ್ನು ಕಾಯಿದೆ ದಾಟಲಾರದು.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಇಷ್ಟೆಲ್ಲ ಎಚ್ಚರದಿಂದ ತಯಾರಾಗುವುದು ಕೊಲ್ಲುವ ವಸ್ತುವೇ ತಾನೆ? 2021ರಲ್ಲಿ ಅಮೆರಿಕದಲ್ಲಿ ಕೋವಿಯಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಅವರಲ್ಲಿ ಒಬ್ಬರನ್ನೂ ಹಲಗೆಯ ಮೇಲಿನ ದೀಪ ಉಳಿಸಲಾರದು. ಸರಿಯಾಗಿ ತೂಗಿದ ತೋಟೆ ಯಾರ ಎದೆಗೆ ಬೀಳಬೇಕೆಂಬುದನ್ನು ತಕ್ಕಡಿ ಹೇಳುವುದಿಲ್ಲ. ಈ ಆಕ್ಷೇಪ ನಿಜವಾದುದು. ಅದನ್ನು ತಳ್ಳಿಹಾಕುವ ವಾದ ನನ್ನ ಬಳಿಯಿಲ್ಲ. ಎಚ್ಚರ ಒಳ್ಳೆಯತನವಲ್ಲ; ಒಳ್ಳೆಯತನಕ್ಕೂ ಕೆಡುಕಿಗೂ ಅದು ಸಮವಾಗಿ ದುಡಿಯುವ ಆಳು. ಫಿರಂಗಿಯ ಮದ್ದನ್ನು ಮಾಡುವ ಕಾರ್ಖಾನೆಯಲ್ಲಿ ಈ ಮೇಷ್ಟ್ರಿಗಿಂತ ಹೆಚ್ಚಿನ ಎಚ್ಚರವಿದ್ದೀತು. ಆದರೂ ಕೋವಿ ಲೋಕದಲ್ಲಿ ಇರುವತನಕ, ಅದರ ಬಳಿ ಕೂತವನು ಎಚ್ಚರಗೇಡಿಯಾಗಿರಲೆಂದು ಯಾರೂ ಬಯಸಲಾರರು. ಗುರಿಯ ಬಯಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲುವ ಹುಡುಗನಿಗೂ, ನಾಳೆ ಅವನ ಬೀರುವನ್ನು ತೆರೆಯುವ ಹೆಂಡತಿ ಮಕ್ಕಳಿಗೂ ಡಬ್ಬಿಯ ಮೇಲಿನ ಹೆಸರು ಸರಿಯಾಗಿರುವುದು ಬೇಕು.

ಮುಂದೆ ಯೂರೋಪಿನಲ್ಲೂ ಅಮೆರಿಕದಲ್ಲೂ ಹೊಸ ಮದ್ದಿನ ಕಾರ್ಖಾನೆಗಳು ತೆರೆದಾಗ ಅಭಾವ ತೀರಿತೆಂದು ವಾರ್ತೆ ಬರುತ್ತದೆ. ಟನ್ನುಗಳ ಲೆಕ್ಕ ಅಲ್ಲಿಗೆ ಸರಿಹೋದೀತು. ಅಭಾವದ ದಿನಗಳಲ್ಲಿ ತುಂಬಿ ಪೆಟ್ಟಿಗೆಗಳಲ್ಲಿಟ್ಟ ತೋಟೆಗಳು ಆಗಲೂ ಬೀರುಗಳಲ್ಲಿರುತ್ತವೆ. ಕೆಲವು ಹತ್ತು ವರ್ಷ, ಕೆಲವು ಇಪ್ಪತ್ತು ವರ್ಷ. ಯಾವುದರಲ್ಲಿ ಕೈಪಿಡಿಯ ಮದ್ದಿದೆ, ಯಾವುದರಲ್ಲಿ ಊಹೆಯಿದೆ ಎಂಬುದು ಹಿತ್ತಾಳೆಯ ಹೊರಮೈ ನೋಡಿದರೆ ತಿಳಿಯುವುದಿಲ್ಲ. ತುಂಬಿದವನು ಅಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ತಿಳಿಯುತ್ತದೆ.